ಚಳಿಗೆ ಸುಟ್ಟ ಪಿಸ್ಟನ್

ಹೊರಗೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ಸ್ನೋಮೊಬೈಲ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಒಂದು ಅಂಚು ಕರಗಿ ಹರಿದುಹೋಗಿರುತ್ತದೆ. ಕೈಬೆರಳು ಮರಗಟ್ಟುವ ಆ ಚಳಿಯಲ್ಲಿ ಅಲ್ಯುಮಿನಿಯಂ ಕರಗಿದ್ದು ಹೇಗೆ? ಎಷ್ಟೋ ಸಲ ಅದಕ್ಕೆ ಉತ್ತರ ಆ ಚಳಿಯೇ. ಇದು ಅರ್ಥವಾದವರು ಕೆಟ್ಟ ಎಂಜಿನ್ನನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಕಟ್ಟಬಲ್ಲರು. ಅರ್ಥವಾಗದವರು ಹೊಸ ಪಿಸ್ಟನ್ ಹಾಕಿ, ಅದನ್ನೂ ಸುಟ್ಟು, ಎರಡನೇ ಸಲ ದುಡ್ಡು ಕೊಡುತ್ತಾರೆ.

ಗುಲ್ಮಾರ್ಗ್‌ಗೋ ಮನಾಲಿ ಕಡೆಗೋ ಪ್ರವಾಸ ಹೋದವರು ಈ ವಾಹನವನ್ನು ಸ್ನೋ ಸ್ಕೂಟರ್ ಎಂಬ ಹೆಸರಿನಲ್ಲಿ ನೋಡಿರುತ್ತಾರೆ. ಮುಂದೆ ಎರಡು ಸ್ಕೀ, ಹಿಂದೆ ಸುತ್ತುತ್ತಲೇ ಇರುವ ಅಗಲವಾದ ರಬ್ಬರ್ ಪಟ್ಟೆ, ನಡುವೆ ಬೈಕಿನಂಥ ಸೀಟು. ನಮ್ಮವರಿಗೆ ಅದು ಕೆಲವೇ ನಿಮಿಷಗಳ ಮೋಜು. ಕೆನಡಾದ ಕ್ವಿಬೆಕ್‌ನಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಮಾತ್ರ ಅದು ಮನೆಯ ಗಾಡಿ. ಅದು ಹುಟ್ಟಿದ ಹಿನ್ನೆಲೆಯಲ್ಲಿ ಮೋಜು ಇರಲಿಲ್ಲ. ಕ್ವಿಬೆಕ್‌ನ ವಾಲ್ಕೂರ್ ಎಂಬ ಸಣ್ಣ ಊರಿನ ಮೆಕ್ಯಾನಿಕ್ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ 1934ರ ಚಳಿಗಾಲದಲ್ಲಿ ತನ್ನ ಪುಟ್ಟ ಮಗನನ್ನು ಕಳೆದುಕೊಂಡ. ಹಿಮ ಮುಚ್ಚಿದ ದಾರಿಯಲ್ಲಿ ಆಸ್ಪತ್ರೆ ತಲುಪುವ ಸಾಧನವೇ ಇರಲಿಲ್ಲ. ಹಿಮದ ಮೇಲೆ ಓಡುವ ಪಟ್ಟೆ ಮತ್ತು ಅದನ್ನು ತಿರುಗಿಸುವ ಹಲ್ಲುಚಕ್ರದ ವ್ಯವಸ್ಥೆಗೆ 1937ರಲ್ಲಿ ಆತನಿಗೆ ಪೇಟೆಂಟ್ ಸಿಕ್ಕಿತು. ಮೊದಲು ಮಾಡಿದ್ದು ಹಲವರು ಕೂರುವ ದೊಡ್ಡ ಗಾಡಿಗಳನ್ನು. ಒಬ್ಬಿಬ್ಬರಿಗೆ ಸಾಕಾಗುವ ಹಗುರ ಸ್ಕಿ-ಡೂ ಬಂದದ್ದು 1959ರಲ್ಲಿ. ಅತ್ತ ಮಿನ್ನೆಸೋಟದ ರೋಸೋ ಊರಿನಲ್ಲಿ ಪೊಲಾರಿಸ್, ಥೀಫ್ ರಿವರ್ ಫಾಲ್ಸ್‌ನಲ್ಲಿ ಆರ್ಕ್‌ಟಿಕ್ ಕ್ಯಾಟ್ ಬೆಳೆದವು. 1968ರಲ್ಲಿ ಮಿನ್ನೆಸೋಟದ ರಾಲ್ಫ್ ಪ್ಲೇಸ್ಟೆಡ್ ತನ್ನ ತಂಡದೊಂದಿಗೆ ಸ್ಕಿ-ಡೂ ಓಡಿಸಿಕೊಂಡು ಉತ್ತರ ಧ್ರುವವನ್ನೇ ಮುಟ್ಟಿದ. ಅವರು ನಿಂತ ಜಾಗ ಧ್ರುವವೇ ಹೌದೆಂದು ಮೇಲೆ ಹಾರಿದ ವಿಮಾನ ಖಚಿತಪಡಿಸಿತು.

ಈ ಗಾಡಿಗಳಲ್ಲಿ ಬಹುಪಾಲು ಓಡಿದ್ದು ಟೂ-ಸ್ಟ್ರೋಕ್ ಎಂಜಿನ್ನಿನಿಂದ. ಅದು ಹಗುರ, ಬಿಡಿಭಾಗ ಕಡಿಮೆ, ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಸ್ಫೋಟ. ತಳದಲ್ಲಿ ಆಯಿಲ್ ತುಂಬಿದ ತೊಟ್ಟಿ ಇಲ್ಲದ್ದರಿಂದ ಚಳಿಗೆ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗದೆ ಕೂರುವ ತಾಪತ್ರಯವೂ ಕಡಿಮೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳನ್ನು ಬಿಚ್ಚಿ ಜೋಡಿಸಿದ ಕೈಗಳಿಗೆ ಈ ಎಂಜಿನ್ ಹೊಸದಲ್ಲ. ಆಯಿಲ್ ಹಾಕಿಸದೆ ಬರೀ ಪೆಟ್ರೋಲಿನಲ್ಲಿ ಓಡಿಸಿದವನ ಗಾಡಿ ಸೀಜ್ ಆಗುವುದನ್ನು, ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದನ್ನು ನಮ್ಮ ಗ್ಯಾರೇಜುಗಳು ಒಂದು ತಲೆಮಾರಿನ ಕಾಲ ನೋಡಿವೆ. ಸ್ನೋಮೊಬೈಲಿನದು ಅದೇ ಕುಲದ ಎಂಜಿನ್, ಹೆಚ್ಚಾಗಿ ಎರಡು ಸಿಲಿಂಡರಿನದು. ಆದರೆ ಅದರ ಮೇಲೆ ಬೀಳುವ ಒತ್ತಡದ ಲೆಕ್ಕವೇ ಬೇರೆ. 600 ಸಿಸಿಯ ಒಂದು ಎಂಜಿನ್ ಪೂರ್ತಿ ಆಕ್ಸಿಲರೇಟರಿಗೆ ನಿಮಿಷಕ್ಕೆ 8000 ಸುತ್ತು ತಿರುಗುತ್ತದೆ. ಅಂದರೆ ಪ್ರತಿ ಪಿಸ್ಟನ್ನಿನ ತಲೆಯ ಮೇಲೆ ಸೆಕೆಂಡಿಗೆ 133 ಸ್ಫೋಟ. ಬೆಲ್ಟ್ ಮತ್ತು ಕ್ಲಚ್‌ಗಳ ಗೇರ್‌ರಹಿತ ವ್ಯವಸ್ಥೆ ಅದನ್ನು ಮೈಲಿಗಟ್ಟಲೆ ಅದೇ ವೇಗದಲ್ಲಿ ಹಿಡಿದಿಡುತ್ತದೆ. ಬೈಕಿನವನಿಗೆ ಸಿಗ್ನಲ್, ಉಬ್ಬು, ತಿರುವು ಎಂದು ಆಗಾಗ ಬಿಡುವು ಸಿಗುತ್ತದೆ. ಹೆಪ್ಪುಗಟ್ಟಿದ ಕೆರೆಯ ಮೇಲೆ ಆ ಬಿಡುವಿಲ್ಲ.

ಈಗ ಚಳಿಯ ವಿಷಯ. ಗಾಳಿ ತಣ್ಣಗಾದಷ್ಟೂ ಕುಗ್ಗಿ ಭಾರವಾಗುತ್ತದೆ. ಸೊನ್ನೆ ಡಿಗ್ರಿಯ ಗಾಳಿಗಿಂತ ಸೊನ್ನೆಯ ಕೆಳಗೆ 30ರ ಗಾಳಿ ಸುಮಾರು ನೂರಕ್ಕೆ 12ರಷ್ಟು ಸಾಂದ್ರ. ಪ್ರತಿ ಸಲ ಎಂಜಿನ್ ಉಸಿರೆಳೆದಾಗ ಅಷ್ಟು ಹೆಚ್ಚು ಆಮ್ಲಜನಕ ಒಳಗೆ ಬರುತ್ತದೆ. ಕಾರ್ಬುರೇಟರ್ ಅದಕ್ಕೆ ತಕ್ಕಂತೆ ಪೆಟ್ರೋಲನ್ನು ಒಂದಿಷ್ಟು ಹೆಚ್ಚಿಸುತ್ತದಾದರೂ ಗಾಳಿ ಹೆಚ್ಚಿದಷ್ಟು ಹೆಚ್ಚಿಸಲಾರದು. ಅದರೊಳಗಿನ ಮೇನ್ ಜೆಟ್ ಎಂಬ ಹಿತ್ತಾಳೆಯ ತೂತಿನ ಗಾತ್ರ ಬದಲಾಗುವುದಿಲ್ಲವಲ್ಲ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಎಂಜಿನ್ 'ಲೀನ್' ಆಗುತ್ತದೆ.

ಪೆಟ್ರೋಲ್ ಕಡಿಮೆಯಾದರೆ ಬೆಂಕಿಯೂ ಕಡಿಮೆಯಾಗಬೇಕಲ್ಲವೇ ಎನಿಸಬಹುದು. ಟೂ-ಸ್ಟ್ರೋಕ್ ಎಂಜಿನ್ನಿಗೆ ಉದ್ದೇಶಪೂರ್ವಕವಾಗಿ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕೊಟ್ಟಿರುತ್ತಾರೆ. ಉರಿಯದೆ ಉಳಿದ ಆ ಹೆಚ್ಚಿನ ಪಾಲು ಆವಿಯಾಗುವಾಗ ಶಾಖ ಹೀರಿಕೊಂಡು ಪಿಸ್ಟನ್ನನ್ನು ತಣಿಸುತ್ತದೆ. ಆ ಪಾಲು ಹೋದರೆ ಉರಿ ಇನ್ನಷ್ಟು ಬಿಸಿ, ತಣಿಸುವವರು ಯಾರೂ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸುವ ಹಳೆಯ ಮಾದರಿಗಳಲ್ಲಂತೂ ಪೆಟ್ರೋಲ್ ಕಡಿಮೆಯಾದರೆ ಆಯಿಲ್ಲೂ ಕಡಿಮೆ. ಶಾಖ ಹೆಚ್ಚಿ, ಜಾರಿಕೆ ತಗ್ಗಿ, ಎರಡೂ ಕಡೆಯಿಂದ ಪಿಸ್ಟನ್ನಿಗೆ ಏಟು. ಅದಕ್ಕೇ ಕಾರ್ಬುರೇಟರ್ ಇರುವ ಸ್ನೋಮೊಬೈಲಿನ ಜೊತೆ ತಾಪಮಾನಕ್ಕೂ ಎತ್ತರಕ್ಕೂ ತಕ್ಕಂತೆ ಯಾವ ಜೆಟ್ ಹಾಕಬೇಕೆಂಬ ಪಟ್ಟಿಯೇ ಬರುತ್ತದೆ. ಡಿಸೆಂಬರ್ ಮೊದಲ ವಾರದ ಜೆಟ್ಟನ್ನೇ ಜನವರಿಯ ಕಡುಚಳಿಯಲ್ಲಿ ಇಟ್ಟುಕೊಂಡವರ ಎಂಜಿನ್ನುಗಳೇ ಮುಂದಿನ ವರ್ಷ 'ಎಂಜಿನ್ ಹೋಗಿದೆ, ಇದ್ದ ಹಾಗೇ ಮಾರಾಟಕ್ಕಿದೆ' ಎಂಬ ಚೀಟಿ ಹೊತ್ತು ಅಂಗಳದಲ್ಲಿ ನಿಲ್ಲುತ್ತವೆ.

ಹೊಸ ಸ್ನೋಮೊಬೈಲಿಗೆ ಹತ್ತು ಸಾವಿರ ಡಾಲರಿಗೂ ಮೇಲೆ ತೆರಬೇಕು. ಎಂಜಿನ್ ಹೋದ ಹಳೆಯದು ಕೆಲವು ನೂರು ಡಾಲರಿಗೆ ಸಿಗುತ್ತದೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದು ಚಳಿಗಾಲ ಉದ್ದವಿರುವ ಊರಿನಲ್ಲಿ ಬದುಕುವವರಿಗೆ ಇದು ಒಳ್ಳೆಯ ವ್ಯವಹಾರವೇ, ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿದರೆ. ಸೈಲೆನ್ಸರನ್ನು ಹಿಡಿದಿಟ್ಟ ಸ್ಪ್ರಿಂಗುಗಳನ್ನು ಬಿಡಿಸಿ, ಎಕ್ಸಾಸ್ಟ್ ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ಸ್ಟಾರ್ಟರ್ ಹಗ್ಗವನ್ನು ನಿಧಾನವಾಗಿ ಎಳೆದರೆ ಪಿಸ್ಟನ್ನಿನ ಪಕ್ಕೆ ಕಿಂಡಿಯೆದುರು ಮೇಲೆ ಕೆಳಗೆ ಸಾಗುತ್ತದೆ. ರಿಂಗುಗಳು ಮಿರುಗುತ್ತಿವೆಯೇ, ಪಕ್ಕೆಯ ಮೇಲೆ ಉದ್ದುದ್ದ ಗೀರುಗಳಿವೆಯೇ, ರಿಂಗಿನ ಮೇಲೆ ಅಲ್ಯುಮಿನಿಯಂ ಮೆತ್ತಿಕೊಂಡಿದೆಯೇ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಹಗ್ಗ ಎಳೆದಾಗ ಕೆಳಗಿನಿಂದ ಕರಕರ ಸದ್ದು ಬಂದರೆ ಬೇರಿಂಗಿನಲ್ಲಿ ಚೂರು ಸಿಕ್ಕಿದೆ ಎಂದರ್ಥ. ಆಗ ಕೆಲಸ ಮೇಲುಭಾಗಕ್ಕೆ ಮುಗಿಯುವುದಿಲ್ಲ, ಬೆಲೆಯನ್ನೂ ಅದಕ್ಕೆ ತಕ್ಕಂತೆ ಕೇಳಬೇಕು.

ಎಂಜಿನ್ ಬಿಚ್ಚಿದ ಮೇಲೆ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಆ ಕೆಟ್ಟ ಪಿಸ್ಟನ್. ಗುಜರಿಗೆ ಎಸೆಯುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ಓದಬೇಕು. ಎಕ್ಸಾಸ್ಟ್ ಕಡೆಯ ಅಂಚು ಮಾತ್ರ ಕರಗಿದ್ದರೆ ಅದು ಲೀನ್ ಆಗಿ ಸುಟ್ಟದ್ದು. ಆ ಬದಿಗೆ ಯಾವಾಗಲೂ ಹೊರಹೋಗುವ ಬಿಸಿ ಅನಿಲದ ಏಟು, ಎದುರು ಬದಿಗೆ ಒಳಬರುವ ತಣ್ಣನೆಯ ಮಿಶ್ರಣದ ಆಸರೆ. ತಲೆಯ ನಡುವೆ ತೂತು ಬಿದ್ದಿದ್ದರೆ, ಅಥವಾ ಅಂಚಿನಲ್ಲಿ ಮರಳು ಎರಚಿದ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದರೆ ಮಿಶ್ರಣ ತಪ್ಪು ಹೊತ್ತಿನಲ್ಲಿ ಸಿಡಿದಿದೆ. ಹಳಸಿದ ಪೆಟ್ರೋಲ್, ಇಗ್ನಿಷನ್ ಟೈಮಿಂಗ್ ಇಂಥವನ್ನು ಅನುಮಾನಿಸಬೇಕು. ಸುತ್ತಲೂ ಆಯಿಲ್ಲಿನ ಸುಳಿವೇ ಇಲ್ಲದೆ ಒಣಗಿ ಗೀರು ಬಿದ್ದಿದ್ದರೆ ಆಯಿಲ್ ಪಂಪನ್ನು ನೋಡಬೇಕು.

ಇನ್ನೊಂದು ಗುರುತು ನನಗೆ ಬಹಳ ಕುತೂಹಲದ್ದೆನಿಸುತ್ತದೆ. ಪಿಸ್ಟನ್ನಿನ ಸುತ್ತ ನಾಲ್ಕು ಮೂಲೆಯಲ್ಲಿ, ಅಳತೆ ಮಾಡಿ ಎಳೆದಂತೆ, ನಾಲ್ಕು ಲಂಬ ಗೀರುಗಳು. ಇದು ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಿದವನ ಎಂಜಿನ್. ಸುಮಾರು 76 ಮಿ.ಮೀ. ವ್ಯಾಸದ ಅಲ್ಯುಮಿನಿಯಂ ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ ಹೆಚ್ಚುಕಡಿಮೆ 0.15 ಮಿ.ಮೀ. ಹಿಗ್ಗುತ್ತದೆ. ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಇರುವ ಸಂದು ಅದಕ್ಕಿಂತ ಕಡಿಮೆ, ಸುಮಾರು 0.1 ಮಿ.ಮೀ. ಎಂಜಿನ್ ನಿಧಾನವಾಗಿ ಬಿಸಿಯಾದರೆ ಸಿಲಿಂಡರೂ ಜೊತೆಗೇ ಹಿಗ್ಗಿ ಜಾಗ ಬಿಡುತ್ತದೆ. ಹಿಮಗಟ್ಟಿದ ಸಿಲಿಂಡರಿನೊಳಗೆ ಪಿಸ್ಟನ್ ಕೆಲವೇ ಕ್ಷಣಗಳಲ್ಲಿ ಕಾದರೆ ಜಾಗವೇ ಇರುವುದಿಲ್ಲ. ಇಂಥದ್ದು ಆಗದಿರಲೆಂದೇ ಪಿಸ್ಟನ್ನನ್ನು ಪೂರ್ತಿ ದುಂಡಗೆ ಮಾಡಿರುವುದಿಲ್ಲ; ಹೆಚ್ಚು ಕಾಯುವ ತಲೆಯ ಕಡೆ ಒಂದು ಕೂದಲಿನಷ್ಟು ಸಣ್ಣ, ಅಡ್ಡಕ್ಕೆ ತುಸು ಮೊಟ್ಟೆಯಾಕಾರ. ಬಿಸಿಯಾದಾಗ ಅದು ದುಂಡಾಗುತ್ತದೆ. ತಣ್ಣಗಿದ್ದಾಗ ಮೈಕ್ರೋಮೀಟರ್ ಹಿಡಿದು ತಲೆಯ ಹತ್ತಿರ ಅಳೆದರೆ ತಪ್ಪು ಲೆಕ್ಕ ಸಿಗುವುದು ಇದರಿಂದಲೇ. ಕೆಳಗಿನ ಪಕ್ಕೆಯಲ್ಲಿ, ತಯಾರಕರು ಹೇಳಿದ ಎತ್ತರದಲ್ಲಿ ಅಳೆಯಬೇಕು.

ನೀರಿನಿಂದ ತಣಿಯುವ ಮಾದರಿಗಳಿಗೆ ಇನ್ನೊಂದು ಕಂಟಕವಿದೆ. ಕಾರಿನಲ್ಲಿರುವಂಥ ರೇಡಿಯೇಟರಿನ ಬದಲು ಸೀಟಿನ ಕೆಳಗಿನ ಸುರಂಗದಲ್ಲಿ ಅಲ್ಯುಮಿನಿಯಂ ಶಾಖಪಟ್ಟಿಗಳಿರುತ್ತವೆ. ಓಡುವ ಪಟ್ಟೆ ಎರಚಿದ ಹಿಮ ಅವಕ್ಕೆ ಬಡಿದು ಕರಗಿ ಎಂಜಿನ್ನನ್ನು ತಣಿಸುತ್ತದೆ. ಬರೀ ಗಾಜಿನಂಥ ಮಂಜುಗಡ್ಡೆಯ ಮೇಲೆ ಎರಚಲು ಪುಡಿಹಿಮವಿಲ್ಲ. ಸುತ್ತ ಎಲ್ಲ ಮಂಜುಗಡ್ಡೆಯಾದರೂ ಎಂಜಿನ್ ಕುದಿಯುತ್ತದೆ. ಅದಕ್ಕಾಗಿ ಮಂಜುಗಡ್ಡೆಯನ್ನು ಕೆರೆದು ಪುಡಿ ಎಬ್ಬಿಸುವ ಉಕ್ಕಿನ ಕಡ್ಡಿಗಳನ್ನು ಕಟ್ಟುವವರಿದ್ದಾರೆ.

ಗುರುತು ಸಿಕ್ಕಿದ ಮೇಲೆ ಕಾರಣ ಹುಡುಕಬೇಕು. ಎರಡು ಸಿಲಿಂಡರಿನಲ್ಲಿ ಒಂದೇ ಸುಟ್ಟಿದ್ದರೆ ಆ ಒಂದು ಬದಿಗೆ ಏನಾಯಿತೆಂದು ಕೇಳಬೇಕು. ಹೆಚ್ಚಿನ ಸಲ ತಪ್ಪು ಆ ಬದಿಯ ಕಾರ್ಬುರೇಟರಿನದು. ಸ್ನೋಮೊಬೈಲ್ ವರ್ಷದಲ್ಲಿ ಏಳೆಂಟು ತಿಂಗಳು ಸುಮ್ಮನೆ ನಿಂತಿರುತ್ತದೆ. ಕಾರ್ಬುರೇಟರಿನೊಳಗೆ ಬಿಟ್ಟ ಪೆಟ್ರೋಲ್ ಆವಿಯಾಗಿ ಅಂಟಿನಂಥ ಜಿಡ್ಡು ಉಳಿದು ಜೆಟ್ಟಿನ ತೂತು ಕಿರಿದಾಗುತ್ತದೆ. ಗಾಳಿ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿ, ಅದರ ಕಸ ಒಳಗೆ ಹೋಗಿರಲೂಬಹುದು.

ಅದಕ್ಕಿಂತ ಕಳ್ಳ ಕಾರಣ ಕ್ರ್ಯಾಂಕಿನ ಆಯಿಲ್ ಸೀಲ್. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಮೊದಲು ಹೋಗುವುದು ಕೆಳಗಿನ ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಇಳಿಯುವಾಗ ಅಲ್ಲಿಂದ ಒತ್ತಿಸಿಕೊಂಡು ಮೇಲಕ್ಕೆ ಬರುತ್ತದೆ. ಅಂದರೆ ಕ್ರ್ಯಾಂಕ್‌ಕೇಸ್ ಎಂಜಿನ್ನಿನ ಶ್ವಾಸಕೋಶವೂ ಹೌದು. ಫೋರ್-ಸ್ಟ್ರೋಕಿನಲ್ಲಿ ಈ ಸೀಲ್ ಹರಿದರೆ ನೆಲದ ಮೇಲೆ ನಾಲ್ಕು ಹನಿ ಆಯಿಲ್ ಬೀಳುತ್ತದೆ. ಟೂ-ಸ್ಟ್ರೋಕಿನಲ್ಲಿ ಹರಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಪಿಸ್ಟನ್ ಸುಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣಿಸದು. ಇದನ್ನು ಹಿಡಿಯುವ ಪರೀಕ್ಷೆಗೆ ಖರ್ಚು ಕಡಿಮೆ: ಕಾರ್ಬುರೇಟರ್ ಬಾಯಿ, ಎಕ್ಸಾಸ್ಟ್ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಬಿಗಿಯಾಗಿ ಮುಚ್ಚಿ, ಕೈಪಂಪಿನಿಂದ 6 ಪಿಎಸ್‌ಐನಷ್ಟು ಗಾಳಿ ತುಂಬಿ, ಗೇಜ್ ನೋಡುತ್ತ ಕೂರುವುದು. ಮುಳ್ಳು ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುವುದು. ಸೀಲ್, ಗ್ಯಾಸ್ಕೆಟ್, ಕಾರ್ಬುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆಯ ಬಿರುಕು, ಮೂರೂ ಇದರಲ್ಲಿ ಬಯಲಾಗುತ್ತವೆ. ಎಂಜಿನ್ ಬಿಚ್ಚುವ ಮುಂಚೆ ಒಮ್ಮೆ, ಜೋಡಿಸಿದ ಮೇಲೆ ಇನ್ನೊಮ್ಮೆ ಇದನ್ನು ಮಾಡದವರ ರಿಪೇರಿಯನ್ನು ನಾನು ನಂಬುವುದಿಲ್ಲ.

ಮುಂದಿನ ಪ್ರಶ್ನೆ ಸಿಲಿಂಡರಿನದು. ಹಳೆಯ ಎಂಜಿನ್ನುಗಳಲ್ಲಿ ಒಳಗೆ ಬೀಡುಕಬ್ಬಿಣದ ಲೈನರ್. ಗೀರು ಬಿದ್ದರೆ ಯೆಜ್ಡಿಗೆ ಮಾಡಿದ ಹಾಗೇ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಈಚಿನವುಗಳಲ್ಲಿ ಅಲ್ಯುಮಿನಿಯಂ ಸಿಲಿಂಡರಿನ ಮೇಲೆ ನಿಕಾಸಿಲ್ ಎಂಬ ಲೇಪ ಇರುತ್ತದೆ. ನಿಕ್ಕಲ್ಲಿನೊಳಗೆ ಸಿಲಿಕಾನ್ ಕಾರ್ಬೈಡಿನ ಅತಿ ಗಟ್ಟಿ ಕಣಗಳನ್ನು ಹುದುಗಿಸಿದ ಈ ಲೇಪವನ್ನು ಜರ್ಮನಿಯ ಮಾಲೆ ಕಂಪನಿ 1960ರ ದಶಕದಲ್ಲಿ ರೂಪಿಸಿತು. ಹಿತ್ತಾಳೆ ಪಾತ್ರೆಯ ಕಲಾಯಿ ಇದ್ದ ಹಾಗೆ ಇದು: ಹೋದರೆ ಮತ್ತೆ ಹಾಕಿಸಬೇಕೇ ಹೊರತು ಕೆರೆದು ಸರಿಮಾಡುವಂತಿಲ್ಲ. ಮತ್ತೆ ಹಾಕಿಸಿದರೆ ಬಜೆಟ್ಟಿನ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ಆದರೆ ಭಯಾನಕವಾಗಿ ಕಾಣುವ ಸಿಲಿಂಡರುಗಳಲ್ಲಿ ಎಷ್ಟೋ ಸಲ ಲೇಪ ಹಾಳಾಗಿರುವುದಿಲ್ಲ, ಕರಗಿದ ಪಿಸ್ಟನ್ನಿನ ಅಲ್ಯುಮಿನಿಯಂ ಅದರ ಮೇಲೆ ಮೆತ್ತಿಕೊಂಡಿರುತ್ತದೆ ಅಷ್ಟೆ.

ಇಲ್ಲಿ ರಸಾಯನಶಾಸ್ತ್ರ ನೂರಾರು ಡಾಲರ್ ಉಳಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಅಲ್ಯುಮಿನಿಯಮ್ಮನ್ನು ಕರಗಿಸುತ್ತದೆ, ನಿಕಾಸಿಲ್ ಮಾತ್ರ ಅದನ್ನು ತಡೆದುಕೊಳ್ಳುತ್ತದೆ. ಕಡ್ಡಿಗೆ ಹತ್ತಿ ಸುತ್ತಿ, ಆಮ್ಲದಲ್ಲಿ ಅದ್ದಿ, ಬೂದುಬಣ್ಣದ ಆ ಕಲೆಯ ಮೇಲೆ ಸವರಿದರೆ ಬುಸ್ಸೆಂದು ನೊರೆ ಏಳುತ್ತದೆ, ಅದು ಹೈಡ್ರೋಜನ್. ನೊರೆ ಏಳುವವರೆಗೂ ಅಲ್ಯುಮಿನಿಯಂ ಉಳಿದಿದೆ ಎಂದು ಲೆಕ್ಕ. ಒರೆಸಿ ಮತ್ತೆ ಸವರಬೇಕು. ನೊರೆ ನಿಂತರೆ ಕೆಳಗಿನ ಲೇಪ ಬಯಲಾಯಿತು. ಒಂದು ಕಡೆ ಮಾತ್ರ ನೊರೆ ನಿಲ್ಲದೆ ಏಳುತ್ತಲೇ ಇದ್ದರೆ ಅಲ್ಲಿ ಲೇಪ ಕಿತ್ತುಹೋಗಿದೆ, ಆಮ್ಲ ಸಿಲಿಂಡರನ್ನೇ ತಿನ್ನುತ್ತಿದೆ, ಕೂಡಲೇ ನಿಲ್ಲಿಸಬೇಕು. ಕಿಂಡಿಗಳ ಅಂಚಿನಲ್ಲಿ ಬರೀ ಅಲ್ಯುಮಿನಿಯಂ ಇರುವುದರಿಂದ ಅಲ್ಲಿಗೆ ಹನಿಯೂ ತಾಗಬಾರದು. ಕೆಲಸ ಬಯಲಿನಲ್ಲೇ ಆಗಬೇಕು, ಕೈಗವಸು ಮತ್ತು ಕನ್ನಡಕ ಇರಲೇಬೇಕು, ಬೆಂಕಿ ಹತ್ತಿರ ಸುಳಿಯಬಾರದು. ಆಮೇಲೆ ಅಡಿಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಆಯಿಲ್ ಸವರಿಡಬೇಕು. ಕಬ್ಬಿಣದ ಲೈನರಿಗೆ ಈ ಉಪಾಯ ಸಲ್ಲದು, ಆಮ್ಲ ಕಬ್ಬಿಣವನ್ನೂ ತಿನ್ನುತ್ತದೆ. ಶುಚಿಯಾದ ಗೋಡೆಯ ಮೇಲೆ ಉಗುರು ಎಳೆದು ನೋಡಿದಾಗ ಎಲ್ಲೂ ಸಿಕ್ಕಿಕೊಳ್ಳದಿದ್ದರೆ, ಅಳತೆಯೂ ಸರಿಯಿದ್ದರೆ, ಆ ಸಿಲಿಂಡರ್ ಮತ್ತೆ ದುಡಿಯುತ್ತದೆ.

ಕ್ರ್ಯಾಂಕಿನ ವಿಷಯದಲ್ಲಿ ಇಂಥ ಅಗ್ಗದ ದಾರಿ ಇಲ್ಲ. ಪಿಸ್ಟನ್ ಬರೀ ಕರಗಿದ್ದರೆ ಕೆಳಭಾಗವನ್ನು ಚೆನ್ನಾಗಿ ತೊಳೆದು, ಬೇರಿಂಗ್ ನುಣ್ಣಗೆ ತಿರುಗುವುದನ್ನು ನೋಡಿ ಮುಂದುವರಿಯಬಹುದು. ಪಿಸ್ಟನ್ ಒಡೆದು ಚೂರು ಕೆಳಗೆ ಬಿದ್ದಿದ್ದರೆ ಕ್ರ್ಯಾಂಕ್‌ಕೇಸನ್ನು ಎರಡು ಹೋಳಾಗಿ ಬಿಚ್ಚಲೇಬೇಕು. ಈ ಕ್ರ್ಯಾಂಕ್ ಒಂದೇ ತುಂಡಿನದಲ್ಲ, ಬೇರೆ ಬೇರೆ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಕೂದಲಷ್ಟು ತಿರುಚಿದರೂ ಎಂಜಿನ್ ನಡುಗಿ ಬೇರಿಂಗ್ ತಿನ್ನುತ್ತದೆ. ಮನೆಯ ಗ್ಯಾರೇಜಿನಲ್ಲಿ ಸುತ್ತಿಗೆ ಹಿಡಿದು ಮಾಡುವ ಕೆಲಸವಲ್ಲ. ಬಲ್ಲವರಿಗೆ ಕಳಿಸಬೇಕು, ಇಲ್ಲವೇ ಅದೇ ಮಾದರಿಯ ಇನ್ನೊಂದು ಗುಜರಿ ಗಾಡಿಯ ಒಳ್ಳೆಯ ಕ್ರ್ಯಾಂಕ್ ಹುಡುಕಬೇಕು. ಪಟ್ಟೆ ಹರಿದ, ಚಾಸಿಸ್ ಬಾಗಿದ ಗಾಡಿಗಳಲ್ಲಿ ಒಳ್ಳೆಯ ಎಂಜಿನ್ ಸಿಗುವುದುಂಟು.

ಜೋಡಿಸುವಾಗ ಪಿಸ್ಟನ್ ಎರಡನ್ನೂ ಬದಲಿಸುವುದೇ ಸರಿ, ಒಂದು ಚೆನ್ನಾಗಿ ಕಂಡರೂ. ಪಿಸ್ಟನ್ನಿನ ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗಿರಬೇಕು. ಟೂ-ಸ್ಟ್ರೋಕ್ ರಿಂಗಿನ ತೋಡಿನಲ್ಲಿ ಒಂದು ಪುಟ್ಟ ಮೊಳೆ ಇರುತ್ತದೆ; ರಿಂಗಿನ ಎರಡು ತುದಿಗಳು ಅದರ ಅಕ್ಕಪಕ್ಕ ಕೂರದಿದ್ದರೆ ರಿಂಗ್ ತಿರುಗಿ, ತುದಿ ಕಿಂಡಿಗೆ ಸಿಕ್ಕಿ ಮುರಿಯುತ್ತದೆ. ರಿಂಗನ್ನು ಮೊದಲು ಬರಿಯ ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನಿಂದ ತಳ್ಳಿ ಸಮ ಮಾಡಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕುಗಳನ್ನು ಮಾತ್ರ ಯಾವ ಕಾರಣಕ್ಕೂ ಹಳೆಯವನ್ನೇ ಹಾಕಬಾರದು. ನಾಲ್ಕು ಕಾಸಿನ ಆ ತಂತಿ ಕಳಚಿದರೆ ಉಳಿಸಿಕೊಂಡ ಸಿಲಿಂಡರಿನ ಗೋಡೆಯನ್ನು ಉದ್ದಕ್ಕೂ ಸೀಳುತ್ತದೆ. ಉಳಿತಾಯ ಮಾಡಬೇಕಾದ್ದು ಕೂಲಿಯಲ್ಲಿ, ಸಿಲಿಂಡರಿನಲ್ಲಿ. ಸೀಲ್, ಗ್ಯಾಸ್ಕೆಟ್, ಲಾಕುಗಳಲ್ಲಿ ಅಲ್ಲ.

ಇಷ್ಟು ಕಷ್ಟಪಟ್ಟು ಹಳೆಯ ಟೂ-ಸ್ಟ್ರೋಕನ್ನು ಉಳಿಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದು. ಒಳಬರುವ ಮಿಶ್ರಣದ ಒಂದು ಪಾಲು ಉರಿಯದೆ ಎಕ್ಸಾಸ್ಟ್ ಕಿಂಡಿಯಿಂದ ಹಾಗೇ ಹೊರಹೋಗುವುದು ಈ ಎಂಜಿನ್ನಿನ ಹುಟ್ಟುಗುಣ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಹೊಗೆ, ಸದ್ದು ಎರಡರ ಮೇಲೂ ಬಿಗಿ ನಿಯಮಗಳು ಬಂದದ್ದು ಇದರಿಂದ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಹೊಸ ಟೂ-ಸ್ಟ್ರೋಕುಗಳು, ಫೋರ್-ಸ್ಟ್ರೋಕುಗಳು ಈಗ ಬಹಳ ಶುಚಿ. ಹಾಗಿದ್ದೂ ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಓಡುವ ಹಳೆಯ ಗಾಡಿಯನ್ನು ಎರಡು ಪಿಸ್ಟನ್ನಿಗಾಗಿ ಗುಜರಿಗೆ ಹಾಕಿ, ಇನ್ನೂರು ಕಿಲೋಗೂ ಮೇಲೆ ತೂಗುವ ಹೊಸದನ್ನು ತಯಾರಿಸುವುದರಲ್ಲಿ ನನಗೆ ವಿವೇಕ ಕಾಣುವುದಿಲ್ಲ. ಸರಿಯಾಗಿ ಕಟ್ಟಿದ, ಸರಿಯಾದ ಜೆಟ್ ಹಾಕಿದ ಎಂಜಿನ್ ಹೊಗೆಯನ್ನೂ ಕಡಿಮೆ ಬಿಡುತ್ತದೆ.

ಕಟ್ಟಿದ ಎಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಓಡಿಸಬಾರದು. ಬೆಚ್ಚಗಾಗಲು ಬಿಟ್ಟು, ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ. ಹೀಗೆ ಕೆಲವು ಸಲ. ಆಮೇಲೆ ಹೆಡ್ಡಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಬೇಕು. ಮೊದಲ ಟ್ಯಾಂಕಿಗೆ ತುಸು ಹೆಚ್ಚು ಆಯಿಲ್ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ಒತ್ತದೆ, ಒಂದೇ ವೇಗದಲ್ಲಿ ಎಳೆಯದೆ ಓಡಿಸಬೇಕು. ನಡುನಡುವೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದರೆ ಒಳಗಿನ ಪಿಂಗಾಣಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿರಬೇಕು. ಬೆಳ್ಳಗೆ ಬಿಳಿಚಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ದೊಡ್ಡ ಜೆಟ್ ಹಾಕಿ, ಗಾಳಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದೆ ಹೋಗಬೇಕು. ಮಾರ್ಚ್ ಕಳೆದು ಹಿಮ ಕರಗಿದಾಗ ಕಾರ್ಬುರೇಟರಿನ ಬಟ್ಟಲುಗಳಲ್ಲಿ ಉಳಿದ ಪೆಟ್ರೋಲನ್ನು ಕೊನೆಯ ಹನಿಯವರೆಗೂ ಇಳಿಸಿ, ಸಿಲಿಂಡರಿನೊಳಕ್ಕೆ ಆಯಿಲ್ ಸಿಂಪಡಿಸಿ, ಗಾಳಿ ಪೆಟ್ಟಿಗೆಯ ಬಾಯಿಗೆ ಇಲಿ ನುಸುಳದಂಥ ಬಲೆ ಕಟ್ಟಿ ಗಾಡಿಯನ್ನು ಒಳಗಿಡಬೇಕು.